ಪೋಷಣಾ ವಿಜ್ಞಾನದ ಪದವಿ: ಸಾಲವೆಷ್ಟು, ಸಂಪಾದನೆಯೆಷ್ಟು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಭತ್ತ ನಾಟಿ ಮಾಡುವ ಮೊದಲು ಎಕರೆಗೆ ಗೊಬ್ಬರಕ್ಕೆಷ್ಟು, ಆಳಿಗೆಷ್ಟು, ಔಷಧಿಗೆಷ್ಟು ಎಂದು ಬಾಯಿಲೆಕ್ಕ ಹಾಕದ ರೈತ ಸಿಂಧನೂರು ಸೀಮೆಯಲ್ಲಿ ಸಿಗುವುದು ಕಷ್ಟ. ಹೊಲವನ್ನು ಲೀಜಿಗೆ ಹಿಡಿಯುವವರಂತೂ ಚೀಲದ ಲೆಕ್ಕವನ್ನು ನಿದ್ದೆಯಲ್ಲಿಯೂ ಹೇಳಬಲ್ಲರು. ಆದರೆ ಅದೇ ರೈತರು ಮಗಳನ್ನು ಪದವಿಗೆ ಸೇರಿಸುವಾಗ ನೋಡುವುದು ಮೊದಲನೆಯ ವರ್ಷದ ಫೀಯನ್ನು ಮಾತ್ರ. ಉಳಿದ ಮೂರು ವರ್ಷಗಳ ವೆಚ್ಚ, ಓದು ಮುಗಿಯುವವರೆಗೆ ಬೆಳೆಯುವ ಬಡ್ಡಿ, ಕೆಲಸ ಸಿಕ್ಕ ಮೇಲೆ ಕೈಗೆ ಬರುವ ಸಂಬಳ, ಇವುಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡುವ ಮನೆಗಳು ಬಹಳ ಕಡಿಮೆ. ಪಿ.ಯು.ಸಿ. ವಿಜ್ಞಾನ ಮುಗಿಸಿದ ಮಕ್ಕಳಲ್ಲಿ ವೈದ್ಯಕೀಯ ಸೀಟು ಸಿಗದವರು, ನರ್ಸಿಂಗ್ ಬೇಡವೆನ್ನುವವರು ಪೋಷಣಾ ವಿಜ್ಞಾನ, ಆಹಾರ ಮತ್ತು ಪಥ್ಯಶಾಸ್ತ್ರ, ಸಮುದಾಯ ವಿಜ್ಞಾನ ಎಂಬ ಹೆಸರಿನ ಪದವಿಗಳ ಕಡೆಗೆ ನೋಡುತ್ತಾರೆ. ಆದುದರಿಂದ ಈ ಪದವಿಯ ಖರ್ಚು ಮತ್ತು ಗಳಿಕೆಯನ್ನು ಬೆಳೆಯ ಲೆಕ್ಕದಷ್ಟೇ ನಿಷ್ಠುರವಾಗಿ ನೋಡುವುದು ಅವಶ್ಯ.

ಕೆಲಸ ಬೇಕಾದಷ್ಟಿದೆ, ಹುದ್ದೆ ಅಷ್ಟಿಲ್ಲ

ಈ ವಿದ್ಯೆಯ ಅವಶ್ಯಕತೆ ರಾಯಚೂರು ಜಿಲ್ಲೆಗಿದೆ ಎಂಬುದರಲ್ಲಿ ಸಂಶಯವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಶಾಲೆಯ ಮಧ್ಯಾಹ್ನದ ಬಿಸಿಯೂಟ, ಅಂದರೆ ಅಕ್ಷರ ದಾಸೋಹ, 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ರಾಯಚೂರು ಒಂದು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಕಾರ್ಯ 2021ರ ಡಿಸೆಂಬರಿನಲ್ಲಿ ಮೊದಲು ಈ ಭಾಗದಲ್ಲಿಯೇ ಶುರುವಾಯಿತು.

ಇಷ್ಟೆಲ್ಲ ಕೇಳಿದ ತಂದೆಗೆ, ಹಾಗಾದರೆ ಮಗಳಿಗೆ ಕೆಲಸ ಖಂಡಿತ ಎಂದು ಅನ್ನಿಸುವುದು ಸಹಜ. ಆದರೆ ಊರಿಗೆ ಅವಶ್ಯವಾದ ಕೆಲಸ ಬೇರೆ, ಸಂಬಳ ಬರುವ ಹುದ್ದೆ ಬೇರೆ. ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡುವವರು, ಬಿಸಿಯೂಟದ ಬೇಳೆ ಬೇಯಿಸುವವರು, ಮನೆಮನೆಗೆ ಹೋಗಿ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವವರು ಗೌರವಧನದ ಮೇಲೆ ದುಡಿಯುವ ಹೆಣ್ಣುಮಕ್ಕಳು. ಪೋಷಣಾ ಪದವೀಧರೆಗೆಂದೇ ಮೀಸಲಾದ ಹುದ್ದೆ ಪ್ರತಿ ಊರಿಗೆ ಒಂದಿರಲಿ, ಪ್ರತಿ ಹೋಬಳಿಗೂ ಒಂದಿಲ್ಲ. ಲೆಕ್ಕ ಶುರುವಾಗಬೇಕಾದುದು ಇಲ್ಲಿಂದ.

ಒಂದೇ ಹೆಸರು, ಹಲವು ಪದವಿಗಳು

ಮೊದಲನೆಯದು ಕೃಷಿ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿ. ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹ ವಿಜ್ಞಾನ ಮಹಾವಿದ್ಯಾಲಯ ಪ್ರಾರಂಭವಾಯಿತು. ಆಗ ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿತ್ತು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ಸೇರಿತು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೆಯ ಡೀನ್‌ಗಳ ಸಮಿತಿಯ ಶಿಫಾರಸಿನಂತೆ ಗೃಹ ವಿಜ್ಞಾನದ ಹೆಸರು ಸಮುದಾಯ ವಿಜ್ಞಾನ ಎಂದು ಬದಲಾಯಿತು. ಇಲ್ಲಿ ಬಿ.ಎಸ್ಸಿ. (ಆನರ್ಸ್) ಸಮುದಾಯ ವಿಜ್ಞಾನವಲ್ಲದೆ ಆಹಾರ, ಪೋಷಣೆ ಮತ್ತು ಪಥ್ಯಶಾಸ್ತ್ರದ ಪದವಿಯೂ ಇದೆ. ಕೃಷಿ ಪರಿಷತ್ತು ಈ ಪದವಿಗಳನ್ನು ವೃತ್ತಿಪರ ಪದವಿಗಳೆಂದು ಘೋಷಿಸಿದೆ. ಈ ಒಂದು ಮಾತು ಬ್ಯಾಂಕಿನಲ್ಲಿ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು ಮುಂದೆ ನೋಡಬಹುದು.

ಎರಡನೆಯದು ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳ ಬಿ.ಎಸ್ಸಿ. 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದು, 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಯಾಯಿತು. ಇದರ ಖರ್ಚು ಕಡಿಮೆ, ಆದರೆ ಇದೊಂದರಿಂದಲೇ ವೃತ್ತಿಯ ಬಾಗಿಲು ತೆರೆಯುವುದು ಅಪರೂಪ. ಮೂರನೆಯದು ಖಾಸಗಿ ಸಂಸ್ಥೆಗಳು ದೊಡ್ಡ ಊರುಗಳಲ್ಲಿ ನಡೆಸುವ ಪದವಿ. ಸಾಲದ ಭಾರ ಏರುವುದು ಮುಖ್ಯವಾಗಿ ಇಲ್ಲಿ. ಬಣ್ಣದ ಕರಪತ್ರದಲ್ಲಿ ಬಿಳಿ ಕೋಟು ತೊಟ್ಟ ಹುಡುಗಿಯ ಚಿತ್ರವಿರುತ್ತದೆ. ನೂರು ಶೇಕಡಾ ಉದ್ಯೋಗ ಎಂದು ಅಚ್ಚಾಗಿರುತ್ತದೆ. ಯಾವ ಉದ್ಯೋಗ, ಯಾವ ಊರು, ತಿಂಗಳಿಗೆ ಎಷ್ಟು ಎಂಬುದು ಅಚ್ಚಾಗಿರುವುದಿಲ್ಲ. ಬಿತ್ತನೆ ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಕೇಳುವ ರೈತರು ಇಲ್ಲಿಯೂ ಕೇಳಬೇಕು: ಹಿಂದಿನ ಎರಡು ತಂಡಗಳ ಹುಡುಗಿಯರು ಈಗ ಎಲ್ಲಿದ್ದಾರೆ? ಅವರಲ್ಲಿ ನಾಲ್ವರೊಡನೆಯಾದರೂ ಫೋನಿನಲ್ಲಿ ಮಾತನಾಡಿಸಿಕೊಡಿ ಎಂದರೆ ಹಿಂಜರಿಯುವ ಸಂಸ್ಥೆಯ ಮಾತನ್ನು ಅಷ್ಟಕ್ಕೇ ನಂಬಬೇಕು.

ನಾಲ್ಕನೆಯದು ಮನೆಯಲ್ಲಿ ಕುಳಿತು ಓದುವ ದೂರಶಿಕ್ಷಣ. ಇದರ ವಿಷಯದಲ್ಲಿ ಈಗ ಎಚ್ಚರಿಕೆ ಬೇಕು. ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ 2021ರ ಕಾಯಿದೆಯಲ್ಲಿ ಡಯಟೀಷಿಯನ್ ಮತ್ತು ಪೋಷಣಾ ತಜ್ಞರ ವೃತ್ತಿಯೂ ಸೇರಿದೆ. ಆ ಕಾಯಿದೆಗೆ ಅನುಗುಣವಾಗಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ–ಆಗಸ್ಟ್ ಅವಧಿಯಿಂದ ಆಹಾರ ಮತ್ತು ಪೋಷಣಾ ವಿಜ್ಞಾನ, ಪಥ್ಯಶಾಸ್ತ್ರ ಮುಂತಾದ ವಿಷಯಗಳನ್ನು ದೂರಶಿಕ್ಷಣದಲ್ಲಿ ಮತ್ತು ಆನ್‌ಲೈನಿನಲ್ಲಿ ಕಲಿಸುವುದನ್ನು ನಿಲ್ಲಿಸಿದೆ. ಈಗಲೂ ಯಾರಾದರೂ ಅಂತಹ ಪದವಿಗೆ ಹಣ ಕೇಳಿದರೆ ಕೊಡಬಾರದು.

ಪದವಿ ಎಲ್ಲಿಗೆ ಒಯ್ಯುತ್ತದೆ

ಆಸ್ಪತ್ರೆಯ ಡಯಟೀಷಿಯನ್ ಆಗುವ ಆಸೆ ಬಹಳ ಮಕ್ಕಳಿಗಿದೆ. ಭಾರತೀಯ ಪಥ್ಯಾಹಾರ ಸಂಘವು ನೋಂದಾಯಿತ ಡಯಟೀಷಿಯನ್ ಎಂದು ಮಾನ್ಯತೆ ಕೊಡುವ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಕೂಡುವ ಸಾಮಾನ್ಯ ದಾರಿಯೆಂದರೆ ಸ್ನಾತಕೋತ್ತರ ಪದವಿ ಅಥವಾ ಡಿಪ್ಲೊಮಾ, ಜೊತೆಗೆ ಆಸ್ಪತ್ರೆಯಲ್ಲಿ ತರಬೇತಿ. ಅಂದರೆ ಬಿ.ಎಸ್ಸಿ. ಮುಗಿದಾಗ ದಾರಿ ಮುಗಿಯುವುದಿಲ್ಲ, ಅರ್ಧ ಬಂದಿರುತ್ತದೆ. ಈ ಮಾತನ್ನು ಸೇರುವ ದಿನವೇ ತಿಳಿದಿದ್ದರೆ ಮನೆಯವರು ಆರು ವರ್ಷದ ಲೆಕ್ಕ ಹಾಕುತ್ತಾರೆ. ತಿಳಿಯದವರು ನಾಲ್ಕು ವರ್ಷದ ಸಾಲ ಮಾಡಿ, ಐದನೆಯ ವರ್ಷ ಮತ್ತೊಂದು ಸಾಲಕ್ಕೆ ಓಡಾಡುತ್ತಾರೆ.

ಸರ್ಕಾರಿ ಕೆಲಸಗಳಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಂಗನವಾಡಿ ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹುದ್ದೆಗಳು ಮುಖ್ಯವಾದವು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ಅದರಲ್ಲಿ ಸೇರಿತ್ತು. ಇಂದು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಆದರೆ ಮೇಲ್ವಿಚಾರಕಿ ಹುದ್ದೆಗೆ ಇತರ ಪದವೀಧರರೂ ಸ್ಪರ್ಧೆಗೆ ಬರುತ್ತಾರೆ, ದುಡಿದ ಅಂಗನವಾಡಿ ಕಾರ್ಯಕರ್ತೆಯರಿಗೂ ಬಡ್ತಿಯ ಪಾಲಿದೆ. ಪ್ರಕಟಣೆ ಪ್ರತಿ ವರ್ಷ ಬರುವುದಿಲ್ಲ. ಬಂದಾಗ ಸಿಕ್ಕರೆ ಸಂಬಳ ಭದ್ರ: ರಾಜ್ಯದ ಏಳನೆಯ ವೇತನ ಆಯೋಗದ ಪ್ರಕಾರ 2024ರ ಆಗಸ್ಟಿನಿಂದ ಅತಿ ಕೆಳಗಿನ ಹುದ್ದೆಯ ಮೂಲ ವೇತನವೇ 27,000 ರೂ. ಮೇಲ್ವಿಚಾರಕಿಯದು ಅದಕ್ಕಿಂತ ಮೇಲೆ.

ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹ ವಿಜ್ಞಾನದ ವಿಷಯ ತಜ್ಞೆಯ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ಅದರ ಮೂಲ ವೇತನ 56,100 ರೂ.ಗಳಿಂದ ಆರಂಭ. ಆದರೆ ಒಂದು ಕೇಂದ್ರಕ್ಕೆ ಅಂತಹ ಹುದ್ದೆ ಒಂದೇ, ಅದೂ ಎಲ್ಲೆಡೆ ಇಲ್ಲ. ಸ್ನಾತಕೋತ್ತರದ ನಂತರ ಗೃಹ ವಿಜ್ಞಾನ ವಿಷಯದಲ್ಲಿ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಕಿರಿಯ ಸಂಶೋಧನಾ ವೇತನ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂ. ದೊರೆಯುತ್ತದೆ. ಓದುವಾಗಲೇ ಸಾಲ ತೀರಿಸಬಹುದಾದ ಸ್ಥಿತಿ ಇದೊಂದೇ. ಚುರುಕಾದ ಮಕ್ಕಳು ಇದನ್ನು ಮೊದಲಿನಿಂದಲೇ ಗುರಿಯಾಗಿಟ್ಟುಕೊಳ್ಳಬಹುದು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರವಾದ ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಸಣ್ಣ ಸಂಶೋಧನಾ ಘಟಕವಾಗಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆಯಲ್ಲಿ ಅನ್ವಯಿಕ ಪೋಷಣೆಯ ಎಂ.ಎಸ್ಸಿ. ಪ್ರವೇಶ ಪರೀಕ್ಷೆಯ ಮೂಲಕ ದೊರೆಯುತ್ತದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಆಹಾರ ಸಂಸ್ಕರಣೆ ಮತ್ತು ಪೋಷಣಾ ವಿಭಾಗವಿದೆ.

ಕೃಷಿ ವಿಶ್ವವಿದ್ಯಾಲಯದ ಪದವಿಯಾದ್ದರಿಂದ ಕೃಷಿ ಅಧಿಕಾರಿಯೂ ಆಗಬಹುದು ಎಂಬ ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿದೆ. ಕೃಷಿ ಅಧಿಕಾರಿ ಹುದ್ದೆಗಳು ಬಹುಪಾಲು ಬಿ.ಎಸ್ಸಿ. ಕೃಷಿ ಓದಿದವರಿಗೆ ಮೀಸಲು. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೂ ವಿಷಯಗಳ ನಿಗದಿತ ಪಟ್ಟಿಯಿದೆ. ಪದವಿಯ ಹೆಸರು ಅಕ್ಷರಶಃ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಹಿಂದಿನ ನೇಮಕಾತಿ ಪ್ರಕಟಣೆ ತೆಗೆದು ಓದಿ ನೋಡಬೇಕು. ಹೆಸರಿನಲ್ಲಿ ಒಂದು ಪದ ಬೇರೆಯಾಗಿ ಅರ್ಜಿ ತಿರಸ್ಕೃತವಾದ ಮೇಲೆ ಅತ್ತು ಪ್ರಯೋಜನವಿಲ್ಲ.

ಇನ್ನು ಸ್ವಂತ ಉದ್ದಿಮೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ತೊಗರಿ ಬೇಳೆ, ಸಿರಿಧಾನ್ಯದ ಹಿಟ್ಟು ಇವುಗಳಿಗೆ ಪೇಟೆ ಬೆಳೆದಿದೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಶೇ. 35ರ ಸಹಾಯಧನಕ್ಕೆ ಅವಕಾಶ ಮಾಡಲಾಯಿತು. ಆದರೆ ರೊಟ್ಟಿ ಮಾಡಿ ಮಾರಲು ನಾಲ್ಕು ವರ್ಷದ ಪದವಿ ಬೇಕಿಲ್ಲ, ಕೃಷಿ ವಿಜ್ಞಾನ ಕೇಂದ್ರದ ಕೆಲವು ದಿನಗಳ ತರಬೇತಿ ಸಾಕು. ಉದ್ದಿಮೆಯೇ ಗುರಿಯಾದರೆ ಫೀಗೆ ಹಾಕುವ ಹಣವನ್ನು ಯಂತ್ರಕ್ಕೆ ಹಾಕುವುದು ಲೇಸು.

ನಾಲ್ಕು ಲಕ್ಷ ಎಂಟೂವರೆ ಲಕ್ಷವಾಗುವ ಬಗೆ

ಈಗ ಸಾಲದ ವಿಷಯ. ಮಸ್ಕಿ ಕಡೆಯ ಒಂದು ಖುಷ್ಕಿ ಮನೆ ಎಂದು ಇಟ್ಟುಕೊಳ್ಳಿ. ಐದು ಎಕರೆ ತೊಗರಿ, ಸಜ್ಜೆ. ಮಗಳನ್ನು ಖಾಸಗಿ ಕಾಲೇಜಿಗೆ ಸೇರಿಸಲು ಬ್ಯಾಂಕಿನಿಂದ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದರು. ಬಡ್ಡಿ ಶೇ. 10. ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಓದುವ ಅವಧಿ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಂತು ಇಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ತಿಳಿಯುವವರು ಬಹಳ ಮಂದಿ. ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಮೊದಲ ವರ್ಷದ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000 ರೂ. ಎರಡನೆಯ ಲಕ್ಷಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000 ರೂ. ಮೊದಲ ಕಂತಿನ ದಿನ ಸಾಲ ನಾಲ್ಕು ಲಕ್ಷವಲ್ಲ, 5,40,000 ರೂ.

ಇದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 7,140 ರೂ. ಕಟ್ಟುವ ಒಟ್ಟು ಹಣ 8,56,000 ರೂ.ಗೂ ಸ್ವಲ್ಪ ಮೇಲೆ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,800 ರೂ.ಗೆ ಇಳಿಯುತ್ತದೆ, ಒಟ್ಟು ಹಣ 10,44,000 ರೂ. ದಾಟುತ್ತದೆ. ಕಂತು ಸಣ್ಣದು ಮಾಡಿಕೊಡುತ್ತೇವೆ ಎಂಬ ಮಾತಿನ ಅರ್ಥ ಇದು.

ಮಗಳು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಖಾಸಗಿ ಆಸ್ಪತ್ರೆ ಸೇರಿ ತಿಂಗಳಿಗೆ 18,000 ರೂ. ಪಡೆಯುತ್ತಾಳೆ ಎಂದು ಇಟ್ಟುಕೊಳ್ಳಿ. ಕೋಣೆ ಮತ್ತು ಊಟಕ್ಕೆ 9,000, ಓಡಾಟ ಮತ್ತು ಫೋನಿಗೆ 2,000, ಬಟ್ಟೆಬರೆ, ಔಷಧಿಗೆ 1,500 ತೆಗೆದರೆ ಉಳಿಯುವುದು 5,500 ರೂ. ಕಂತು 7,140. ಕೊರತೆಯ 1,640 ರೂ. ಯಾರು ತುಂಬಬೇಕು? ಅಪ್ಪನೇ. ಮಗಳು ದುಡಿಯುತ್ತಿದ್ದರೂ ತೊಗರಿ ಮಾರಿದ ಹಣ ಬ್ಯಾಂಕಿಗೆ ಹೋಗುವುದು ಹೀಗೆ. ಇದೇ ಹುಡುಗಿಗೆ ಸರ್ಕಾರಿ ಸೀಟು, ಹಾಸ್ಟೆಲ್ ಸಿಕ್ಕು ಸಾಲ ಎರಡೇ ಲಕ್ಷದಲ್ಲಿ ನಿಂತಿದ್ದರೆ ಕಂತು ಸುಮಾರು 3,570 ರೂ. ಆಗುತ್ತಿತ್ತು. ಆಗ ಕಂತು ಕಟ್ಟಿ ತಿಂಗಳಿಗೆ ಸುಮಾರು ಎರಡು ಸಾವಿರ ಮನೆಗೆ ಕಳಿಸಬಹುದಾಗಿತ್ತು. ಪದವಿಯ ಹೆಸರು ಅದೇ, ಸಂಬಳ ಅದೇ, ಬದಲಾದದ್ದು ಸಾಲ ಮಾತ್ರ.

ಕೈಗೆ ಬರುವ ಸಂಬಳದ ಕಾಲುಭಾಗಕ್ಕಿಂತ ಕಂತು ಹೆಚ್ಚಬಾರದು ಎಂಬ ಮಿತಿಯನ್ನು ಹಾಕಿಕೊಂಡರೆ 18,000 ರೂ. ಸಂಬಳಕ್ಕೆ ಕಂತು 4,500 ರೂ. ಹಿಂದಕ್ಕೆ ಲೆಕ್ಕ ಹಾಕಿದರೆ ನಾಲ್ಕು ವರ್ಷಗಳಲ್ಲಿ ಪಡೆಯಬಹುದಾದ ಒಟ್ಟು ಸಾಲ ಸುಮಾರು ಎರಡೂವರೆ ಲಕ್ಷ ರೂ. ಅದಕ್ಕಿಂತ ಮೇಲೆ ಹೋಗುವ ಪದವಿಯನ್ನು ಬಿ.ಎಸ್ಸಿ.ಗೇ ನಿಲ್ಲಿಸುವ ಉದ್ದೇಶದಿಂದ ತೆಗೆದುಕೊಳ್ಳುವುದು ಲಾಭದ ಬೆಳೆಯಲ್ಲ. ಎಂ.ಎಸ್ಸಿ. ಸೇರಿದರೆ ಬ್ಯಾಂಕಿನ ಒಪ್ಪಿಗೆಯಿಂದ ಕಂತನ್ನು ಮುಂದೂಡಬಹುದು, ಆದರೆ ನಾಲ್ಕು ಲಕ್ಷದ ಅಸಲಿಗೆ ಎರಡು ವರ್ಷದಲ್ಲಿ ಮತ್ತೆ 80,000 ರೂ. ಬಡ್ಡಿ ಕೂಡುತ್ತದೆ. ಎಂ.ಎಸ್ಸಿ.ಯ ಖರ್ಚು ಬೇರೆ.

ಮಳೆಗಾಲದ ಆದಾಯ, ತಿಂಗಳ ಕಂತು

ಹೊಲದ ಹಣ ವರ್ಷಕ್ಕೆ ಒಂದು ಸಾರಿಯೋ ಎರಡು ಸಾರಿಯೋ ಬರುತ್ತದೆ. ಬ್ಯಾಂಕಿನ ಕಂತು ಪ್ರತಿ ತಿಂಗಳು ಬರುತ್ತದೆ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರಿಗೆ ಎರಡು ಬೆಳೆಯ ಆಸೆಯಿದೆ, ಕೊನೆ ಭಾಗದವರಿಗೆ ಮೊದಲ ಬೆಳೆಗೇ ನೀರಿನ ಚಿಂತೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನಂಬಿದ ಎಲ್ಲ ಮನೆಗಳೂ ನಿದ್ದೆಗೆಟ್ಟವು. 5ಎ ಕಾಲುವೆಗಾಗಿ ಹೋರಾಟ ನಡೆಸಿದ ಮಸ್ಕಿ ಭಾಗದ ಹಳ್ಳಿಗಳಲ್ಲಿ, ಲಿಂಗಸುಗೂರಿನ ಖುಷ್ಕಿ ಭಾಗದಲ್ಲಿ ಒಂದು ಮುಂಗಾರು ಕೈಕೊಟ್ಟರೆ ಹನ್ನೆರಡು ಕಂತುಗಳು ಕೈಕೊಟ್ಟಂತೆ. ಆದುದರಿಂದ ಕಂತನ್ನು ಬೆಳೆಯ ಭರವಸೆಯ ಮೇಲೆ ಕಟ್ಟುತ್ತೇನೆ ಎಂದು ಒಪ್ಪಿಕೊಳ್ಳುವುದು ಅಪಾಯ. ಬೆಳೆ ಬಂದ ತಿಂಗಳಲ್ಲಿ ಆರು ಕಂತಿನ ಹಣವನ್ನು ಪ್ರತ್ಯೇಕ ಉಳಿತಾಯ ಖಾತೆಯಲ್ಲಿಟ್ಟು, ಅಲ್ಲಿಂದಲೇ ಕಂತು ಕಡಿತವಾಗುವಂತೆ ಬ್ಯಾಂಕಿಗೆ ಬರೆದುಕೊಡುವುದು ಒಂದು ಉಪಾಯ.

ಇದಕ್ಕಿಂತ ದೊಡ್ಡ ಅಪಾಯ ಬೆಳೆ ಸಾಲದಿಂದ ಫೀ ಕಟ್ಟುವುದು. ಸಹಕಾರ ಸಂಘದ ಬೆಳೆ ಸಾಲ ಸಕಾಲದಲ್ಲಿ ತೀರಿಸಿದರೆ ಬಡ್ಡಿಯಿಲ್ಲ, 2023ರಲ್ಲಿ ಅದರ ಮಿತಿಯನ್ನು ಐದು ಲಕ್ಷಕ್ಕೆ ಏರಿಸಲಾಯಿತು. ಬಡ್ಡಿಯಿಲ್ಲದ ಹಣ ಕಣ್ಣೆದುರಿಗಿರುವಾಗ ಶೇ. 10ರ ಸಾಲ ಏಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಗೊಬ್ಬರಕ್ಕೆ ಹಾಕಿದ ಹಣ ಸುಗ್ಗಿಯಲ್ಲಿ ತಿರುಗಿ ಬರುತ್ತದೆ, ಫೀಗೆ ಹಾಕಿದ ಹಣ ಐದು ವರ್ಷ ಬರುವುದಿಲ್ಲ. ಗಡುವು ಮೀರಿದ ಕೂಡಲೇ ಬಡ್ಡಿ ರಿಯಾಯಿತಿ ಹೋಗುತ್ತದೆ, ಮುಂದಿನ ಹಂಗಾಮಿಗೆ ಹೊಸ ಸಾಲ ನಿಲ್ಲುತ್ತದೆ. ಆಗ ರೈತನಿಗೆ ಉಳಿಯುವುದು ದಲಾಲಿ ಅಂಗಡಿ ಅಥವಾ ಕೈಸಾಲ. ಎರಡು ರೂಪಾಯಿ ಬಡ್ಡಿ ಎಂಬುದು ಕೇಳಲು ಸಣ್ಣದು. ವರ್ಷಕ್ಕೆ ಅದು ಶೇ. 24. ಒಂದು ಲಕ್ಷಕ್ಕೆ ಐದು ವರ್ಷದಲ್ಲಿ ಚಕ್ರಬಡ್ಡಿ ಹಿಡಿಯದಿದ್ದರೂ 1,20,000 ರೂ., ಬ್ಯಾಂಕಿನಲ್ಲಿ ಅಷ್ಟೇ ಅವಧಿಗೆ 50,000 ರೂ. ಮೂರು ರೂಪಾಯಿ ಬಡ್ಡಿಯ ಲೆಕ್ಕವನ್ನು ಮನೆಯಲ್ಲಿ ಮಕ್ಕಳಿಂದಲೇ ಹಾಕಿಸಿ ನೋಡಬಹುದು.

ಹೊಲ ಅಡವಿಡುವ ಮಾತೂ ಬರುತ್ತದೆ. ಶಿಕ್ಷಣ ಸಾಲ ನಾಲ್ಕು ಲಕ್ಷದವರೆಗೆ ಯಾವ ಆಸ್ತಿ ಭದ್ರತೆಯೂ ಇಲ್ಲದೆ ದೊರೆಯಬೇಕು. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 2015ರ ಸಾಲ ಖಾತರಿ ನಿಧಿಯ ಯೋಜನೆ ಬಂದ ಮೇಲೆ ಏಳೂವರೆ ಲಕ್ಷದವರೆಗೂ ಆಸ್ತಿಯಿಲ್ಲದೆ ಸಾಲ ಕೊಡಲು ಬ್ಯಾಂಕುಗಳಿಗೆ ದಾರಿಯಿದೆ. ಪಹಣಿಯ 11ನೆಯ ಕಾಲಂನಲ್ಲಿ ಫೀಗಾಗಿ ಭಾರ ಕೂಡಿಸಿಕೊಳ್ಳುವ ಮೊದಲು ಈ ಮಾತನ್ನು ವ್ಯವಸ್ಥಾಪಕರ ಎದುರು ಕೇಳಬೇಕು, ಬೇಕಾದರೆ ಲಿಖಿತವಾಗಿ ಕೇಳಬೇಕು. ಆದರೂ ಸಹಿ ಹಾಕಿದ ತಂದೆ ಸಾಲಗಾರನೇ. ಕಂತು ತಪ್ಪಿದರೆ ಸಿಬಿಲ್ ದಾಖಲೆ ಕೆಡುವುದು ಇಬ್ಬರದೂ. ಮುಂದೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಇದು ಅಡ್ಡ ಬರುತ್ತದೆ.

ಸಾಲ ತಗ್ಗಿಸುವ ದಾರಿಗಳು

ಕಲ್ಯಾಣ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಸಂವಿಧಾನದ 371(ಜೆ) ವಿಧಿಯಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟುಗಳು ಸ್ಥಳೀಯರಿಗೆ ಮೀಸಲು. ಉದ್ಯೋಗದಲ್ಲಿ ಈ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80. ಮೇಲ್ವಿಚಾರಕಿ ಹುದ್ದೆಯ ಸ್ಪರ್ಧೆಯಲ್ಲಿ ಇದು ದೊಡ್ಡ ಬಲ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿಗಳು. ಈ ಮೂರೂ ತಾಲ್ಲೂಕಿನವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿಯೇ ಇದೆ. ಪ್ರವೇಶದ ಗಡಿಬಿಡಿಯಲ್ಲಿ ಓಡಾಡುವ ಬದಲು ದ್ವಿತೀಯ ಪಿ.ಯು.ಸಿ. ಓದುತ್ತಿರುವಾಗಲೇ ಮಾಡಿಸಿಡುವುದು ಉತ್ತಮ. ಕೃಷಿ ಪದವಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಮತ್ತು ಪ್ರಾಯೋಗಿಕ ಪರೀಕ್ಷೆ ಇದೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಹಾಕದಿದ್ದರೆ ನಂತರ ಅವಕಾಶವಿಲ್ಲ. ಹೊಲ ಮನೆಯಲ್ಲಿದ್ದೂ ಮಗಳಿಗೆ ಬೀಜದ ಗುರುತು ಗೊತ್ತಿಲ್ಲದೆ ಆ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ನಾಚಿಕೆಗೇಡು.

ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂ. ಒಳಗಿರುವ ಕುಟುಂಬಗಳಿಗೆ ವೃತ್ತಿಪರ ಪದವಿಯ ಸಾಲದ ಮೇಲೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಲ್ಲಿ ಆರಂಭವಾಯಿತು. ಪದವಿ ವೃತ್ತಿಪರವೆಂದು ಘೋಷಿತವಾಗಿರುವುದು ಉಪಯೋಗಕ್ಕೆ ಬರುವುದು ಇಲ್ಲಿ. ಮೇಲಿನ ಲೆಕ್ಕದಲ್ಲಿ ಈ ಸಹಾಯ ಸಿಕ್ಕರೆ 1,40,000 ರೂ. ಬಡ್ಡಿ ಕೂಡುವುದಿಲ್ಲ, ಹತ್ತು ವರ್ಷದ ಕಂತು 7,140ರ ಬದಲು ಸುಮಾರು 5,290 ರೂ. ಆಗುತ್ತದೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿಯೊಂದಿಗೇ ಕೊಡಬೇಕು, ಕಾಲೇಜು ಮಾನ್ಯತೆ ಪಡೆದಿರಬೇಕು. 2024ರ ನವೆಂಬರಿನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಇದೆ, ಆದರೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಎರಡರಲ್ಲಿ ಯಾವುದು ಅನ್ವಯಿಸುತ್ತದೆ ಎಂಬುದನ್ನು ಸಹಿ ಹಾಕುವ ಮೊದಲು ಬ್ಯಾಂಕಿನಿಂದ ತಿಳಿಯಬೇಕು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ಅಭಿವೃದ್ಧಿ ನಿಗಮದ ಅರಿವು ಸಾಲ ಶೇ. 2ರ ಬಡ್ಡಿಗೆ ದೊರೆಯುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿ ಪಡೆದರೆ ಅನೇಕ ವೇಳೆ ಸಾಲವೇ ಬೇಕಾಗುವುದಿಲ್ಲ. ರೈತರ ಮಕ್ಕಳಿಗೆ 2021ರಲ್ಲಿ ಪ್ರಕಟವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿಗೆ ವರ್ಷಕ್ಕೆ 5,500, ವೃತ್ತಿಪರ ಪದವಿಯ ಹುಡುಗಿಗೆ 8,000 ರೂ. ನಿಗದಿಯಾಯಿತು. ಮೊತ್ತ ಸಣ್ಣದು, ಆದರೆ ಮೊದಲ ವರ್ಷದ ಲಕ್ಷದ ಬಡ್ಡಿಯ ಬಹುಪಾಲು ಅದರಿಂದಲೇ ತೀರುತ್ತದೆ.

ಓದುವಾಗಲೇ ಬಡ್ಡಿ ಕಟ್ಟುತ್ತ ಹೋಗುವವರಿಗೆ ಶೇ. 1 ರಿಯಾಯಿತಿ ಕೊಡುವ ಪದ್ಧತಿ ಬ್ಯಾಂಕುಗಳಲ್ಲಿದೆ. ಮೊದಲ ವರ್ಷ ತಿಂಗಳಿಗೆ 830 ರೂ. ಆಸುಪಾಸು, ಎರಡು ಎಮ್ಮೆಯ ಹಾಲಿನಿಂದ ಹೊರಡುವ ಹಣ. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಲ್ಲ. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿತು. ಹಬ್ಬಕ್ಕೆ ಊರಿಗೆ ಬಂದು ಹೋಗುವ ಖರ್ಚು ಹಿಂದಿನಷ್ಟಿಲ್ಲ.

ಮದುವೆಯ ಮಾತು ಬಂದಾಗ

ಪದವಿ ಮುಗಿದ ವರ್ಷವೇ ಮದುವೆಯ ಮಾತು ಬರುವುದು ಈ ಸೀಮೆಯಲ್ಲಿ ಹೊಸದಲ್ಲ. ಕಂತು ಶುರುವಾಗುವುದೂ ಸರಿಯಾಗಿ ಆಗಲೇ. ಮಾತುಕತೆಯಲ್ಲಿ ಬಂಗಾರ, ಬಟ್ಟೆ, ಊಟದ ಖರ್ಚು ಎಲ್ಲ ಬರುತ್ತವೆ, ಐದು ಲಕ್ಷದ ಶಿಕ್ಷಣ ಸಾಲವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡನ ಮನೆಯವರು ಕೆಲಸ ಬಿಡು ಎಂದರೆ ಸಾಲ ಪೂರ್ತಿ ತವರಿನ ಹೊಲದ ಮೇಲೆ ಬೀಳುತ್ತದೆ. ಕೆಲಸ ಮಾಡು, ಸಂಬಳ ಇಲ್ಲಿ ಕೊಡು ಎಂದರೂ ಅಷ್ಟೇ. ಮಗಳು ಎರಡು ಮನೆಗಳ ನಡುವೆ ಸಿಕ್ಕು ನವೆಯುತ್ತಾಳೆ. ಆದುದರಿಂದ ಸಾಲದ ಮೊತ್ತ, ತಿಂಗಳ ಕಂತು, ಅದು ಮುಗಿಯುವ ವರ್ಷ ಈ ಮೂರನ್ನು ವೀಳ್ಯದ ಮಾತಿಗೆ ಮೊದಲೇ ಹೇಳಬೇಕು. ಹೇಳಿದರೆ ಸಂಬಂಧ ತಪ್ಪೀತು ಎಂಬ ಅಂಜಿಕೆ ಇರುತ್ತದೆ. ಹೇಳದೆ ಕೂಡಿದ ಸಂಬಂಧದಲ್ಲಿ ಮೊದಲ ಕಂತಿನ ನೋಟಿಸು ಬಂದ ದಿನ ನಡೆಯುವುದನ್ನು ಕಂಡವರು ಹಾಗೆ ಅಂಜುವುದಿಲ್ಲ.

ಮಗಳ ಸಂಬಳದಿಂದಲೇ ಕಂತು ನೇರವಾಗಿ ಕಡಿತವಾಗುವ ಹಾಗೆ ಮಾಡಿಸಿ, ಪಾಸ್‌ಪುಸ್ತಕ ಆಕೆಯ ಕೈಯಲ್ಲಿಯೇ ಇರಲಿ. ಸಾಲ ತೀರುವವರೆಗಾದರೂ ಆಕೆಯ ದುಡಿಮೆಯನ್ನು ನಿಲ್ಲಿಸಬಾರದು ಎಂದು ಎರಡೂ ಮನೆಯ ಹಿರಿಯರು ಒಪ್ಪಿಕೊಂಡಿರಬೇಕು.

ವಿಸ್ತರಣಾ ಕಾರ್ಯಕರ್ತರು ಈ ವಿಷಯದಲ್ಲಿ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ದ್ವಿತೀಯ ಪಿ.ಯು.ಸಿ. ಫಲಿತಾಂಶಕ್ಕೆ ಮೊದಲೇ, ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಿರುವಾಗ, ಹಳ್ಳಿಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳ ತಂದೆತಾಯಿಗಳನ್ನು ಒಂದು ಸಂಜೆ ಕೂಡಿಸಬೇಕು. ಬ್ಯಾಂಕಿನವರನ್ನೂ, ಸಾಧ್ಯವಾದರೆ ಈಗಾಗಲೇ ಈ ಪದವಿ ಪಡೆದು ದುಡಿಯುತ್ತಿರುವ ಹತ್ತಿರದ ಊರಿನ ಒಬ್ಬ ಹೆಣ್ಣುಮಗಳನ್ನೂ ಕರೆಯಬೇಕು. ಕಪ್ಪು ಹಲಗೆಯ ಮೇಲೆ ಎಡಗಡೆ ಖರ್ಚು, ಬಲಗಡೆ ಗಳಿಕೆ ಬರೆದು, ಪ್ರತಿ ಮನೆಯವರೂ ತಮ್ಮ ತಮ್ಮ ಅಂಕಿಗಳನ್ನು ಮನೆಗೆ ಬರೆದುಕೊಂಡು ಹೋಗುವಂತೆ ನೋಡಿಕೊಳ್ಳಬೇಕು. ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಪಹಣಿ, ಆಧಾರ್, ಅಂಕಪಟ್ಟಿಗಳ ಎರಡೆರಡು ನಕಲು ಮತ್ತು ಬ್ಯಾಂಕಿನ ಮಂಜೂರಾತಿ ಪತ್ರ ಒಂದೇ ಚೀಲದಲ್ಲಿರಲಿ. ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲನ್ನು ಅದೇ ದಿನ ಬ್ಯಾಂಕಿನಿಂದ ಕೇಳಿ ಪಡೆದು ಅದೇ ಚೀಲಕ್ಕೆ ಸೇರಿಸಬೇಕು.